ಗೇಟ್ ಪಾಸ್

ನಮ್ಮ ಉಗಾರದಲ್ಲಿ ಯಾರಾದರೂ ಮಿರಜಿಗೆ ಹೋಗಿದ್ದಾರೆ ಅಂದರೆ ಮದುವೆಗೋ ಸಂತೆಗೋ ಅಂತ ಯಾರೂ ತಿಳಿಯುವುದಿಲ್ಲ. "ಅಯ್ಯ, ಏನಾಗೈತ್ರಿ?" ಅಂತಲೇ ಕೇಳುತ್ತಾರೆ. ದವಾಖಾನೆ ಎಂದರೆ ನಮಗೆ ಗಡಿಯಾಚೆಯ ಮಿರಜೇ. ಹಾಗಾಗಿ ಮೆಟ್ಟಿಲು ಹತ್ತಿದರೆ ನಮ್ಮ ಯಜಮಾನರಿಗೆ ಎದೆ ಬಿಗಿಯತೊಡಗಿದಾಗ ನಾನೂ ಮಿರಜಿಗೆಂದೇ ಚೀಲ ಕಟ್ಟಿದೆ. ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ ಈ ಮನುಷ್ಯ ಮಾತ್ರ "ನೋಡೂಣ ತಡಿ" ಅಂತ ಕುಂತಲ್ಲಿಂದ ಏಳಲೊಲ್ಲರು.

ಪಕ್ಕದ ಮನೆಯಾಕೆ ಬಂದು, "ಮೊದಲ ಅಥಣಿ ಸರ್ಕಾರಿ ದವಾಖಾನಿಗೆ ತೋರಸ್ರಿ. ಅಲ್ಲಿ ಚೀಟಿ ಬರಸ್ಕೊಂಡ್ರ ಮುಂದ ಆರೋಗ್ಯ ಕಾರ್ಡ್ ನಡೀತೈತಿ" ಅಂದಳು. ಕಾರ್ಡ್ ಅಂದದ್ದೇ ತಡ, ಇವರು ಎದ್ದು ಅಂಗಿ ಹಾಕಿಕೊಂಡರು!

ಅಥಣಿಯ ಡಾಕ್ಟರು ಪರೀಕ್ಷೆ ಮಾಡಿ, ಹೃದಯದ ರಕ್ತನಾಳ ಕಟ್ಟಿಕೊಂಡಿರಬೇಕು, ಬೆಳಗಾವಿಗೆ ಬರೆದುಕೊಡುತ್ತೇನೆ, ತಡ ಮಾಡಬೇಡಿ ಅಂದರು. ಕಾರ್ಡಿನ ಕೌಂಟರಿನ ಹುಡುಗಿ ಪಾಪ, ಯಾವ ದವಾಖಾನೆಯಲ್ಲಿ ನಡೆಯುತ್ತದೆ, ಸೇರುವ ಮೊದಲು ಏನೇನು ಕೇಳಬೇಕು ಎಂದು ಬಿಡಿಸಿ ಹೇಳಿದಳು. ಇವರದು ಒಂದೇ ಪ್ರಶ್ನೆ: "ಈಕಿ ಕಾರ್ಡ್ ಎಷ್ಟ ದಿನಾ ನಡೀತೈತ್ರಿ?" ಆಕೆ ಹೇಳಿದ ಮೇಲೂ ಮತ್ತೆ ಅದೇ.

ನನಗೆ ತಲೆ ಕೆಟ್ಟಿತು. "ಅಲ್ರಿ, ಎದಿನೋವು ನಿಮಗ! ನನ್ನ ಕಾರ್ಡ್ ಯಾಕ ಹಿಡ್ಕೊಂಡ್ ಕುಂತೀರಿ?"

"ರಿಟೈರ್ ಆದಾಗ ಗೇಟಿನ್ಯಾಗ ನನ್ನ ಪಾಸ್ ಇಸ್ಕೊಂಡ್ರು," ಅಂದರು ಮೆಲ್ಲಗೆ. "ಮುಂದ ಕಾರ್ಖಾನಿ ದವಾಖಾನ್ಯಾಗ ನಿನಗ ಬಿಪಿ ಗುಳಿಗಿ ಕೊಡಲಿಲ್ಲ, ನೆಪ್ಪೈತಿಲ್ಲ? ಪಾಸ್ ನಂದಿತ್ತು. ಇದೂ ಹಂಗ ಇದ್ರ? ನಾ ಹೋದ ಮ್ಯಾಲ ನಿನ್ನ ಒಳಗ ಯಾರ ಬಿಡ್ತಾರ?"

ಆ ಗುಳಿಗೆಯ ಸಂಗತಿ ನನಗೇ ಮರೆತುಹೋಗಿತ್ತು. ಇವರು ಅದನ್ನು ಇಷ್ಟು ದಿನ ಎದೆಯಲ್ಲಿಟ್ಟುಕೊಂಡಿದ್ದರು.

"ಅಜ್ಜಾರ, ಇದು ಗೇಟ್ ಪಾಸ್ ಅಲ್ರಿ," ಅಂದಳು ಹುಡುಗಿ, ನನ್ನ ಕಡೆ ಕೈ ಮಾಡಿ. "ಆಯಿ ಕಾರ್ಡ್ ಆಯಿ ಹೆಸರಿಂದು. ನೀವು ಇದ್ರೂ ನಡೀತೈತಿ, ಇರದಿದ್ರೂ..." ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಇವರು ನಕ್ಕುಬಿಟ್ಟರು. "ಇರ್ಲಿ ಬಿಡವಾ, ಅದನ್ನ ಕೇಳಾಕಂತನ ಬಂದಿದ್ದೆ. ಇನ್ನ ಬೆಳಗಾವಿಗೆ ಹೋಗಾಕ ಅಡ್ಡಿಯಿಲ್ಲ."

ಬೆಳಗಾವಿಯಲ್ಲಿ ಆಪರೇಷನ್ ಕೋಣೆಯ ಬಾಗಿಲಿಗೆ ನನ್ನನ್ನು ನಿಲ್ಲಿಸಿದರು. ಗಾಲಿ ಮಂಚದ ಮೇಲೆ ಮಲಗಿದ್ದ ಇವರು ತಲೆಯೆತ್ತಿ, "ಕಾರ್ಡ್ ಚೀಲದಾಗ ಐತಿಲ್ಲ?" ಅಂದರು. ತಮ್ಮದಲ್ಲ, ನನ್ನದು. ಮಂದಿ ಎದುರು ಎಂದೂ ಇವರ ಕೈ ಹಿಡಿದವಳಲ್ಲ ನಾನು; ಅವತ್ತು ಹಿಡಿದೆ. ಸಿಟ್ಟೂ ಅಳುವೂ ಕೂಡಿಯೇ ಬಂದವು.

"ಸುಡ್ಲಿ ಆ ಕಾರ್ಡ್! ನನ್ನ ಒಳಗ ಯಾರರೆ ಬಿಡ್ಲಿ, ಬಿಡದಿರ್ಲಿ, ನೀವು ಲಗೂನ ಹೊರಗ ಬರ್ರಿ."

ಸಂಜೆಗೆ ಹೊರಗೆ ಬಂದರು. ನನ್ನನ್ನು ಕಂಡವರೇ, "ಬಿಪಿ ಗುಳಿಗಿ ನುಂಗಿದಿ ಇಲ್ಲೊ?" ಅಂದರು.