ಒಂದು ಸೈಜು ದೊಡ್ಡದು

ನಮ್ಮ ಮನೆಯಲ್ಲಿ ಯಾರಿಗೂ ಅಳತೆಗೆ ಸರಿಯಾಗಿ ಏನನ್ನೂ ತಂದ ನೆನಪಿಲ್ಲ. ಯೂನಿಫಾರಂ ಲಂಗವನ್ನು ನಾಲ್ಕು ಬೆರಳು ಮಡಚಿ ಹೊಲಿಸುವುದು, ವರ್ಷಕ್ಕೊಂದು ಬೆರಳು ಬಿಚ್ಚುತ್ತಾ ಹೋಗುವುದು. ಶೂ ತಂದರೆ ಮುಂದೆ ಹತ್ತಿ ತುರುಕುವುದು. ‘ಬೆಳೆಯೋ ಮಕ್ಕಳು, ಒಂದು ಸೈಜು ದೊಡ್ಡದೇ ಕೊಡಿ’ ಎಂದು ಅಮ್ಮ ರಾಜಾಜಿನಗರದ ಅಂಗಡಿಗಳಲ್ಲಿ ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ. ಅದರಲ್ಲಿ ತಪ್ಪೇನಿಲ್ಲ ಬಿಡಿ, ಬಟ್ಟೆ ದೊಡ್ಡದಾದರೆ ಮಡಚಬಹುದು. ಸೈಕಲ್ಲನ್ನು ಮಡಚುವುದಕ್ಕಾಗುವುದಿಲ್ಲ ಎಂಬ ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಬೇಕಾದರೆ ಜರ್ಮನಿಗೆ ಹೋಗಿಬರಬೇಕಾಯಿತು.

ಎಂಬತ್ತರ ದಶಕದ ನಡುವಿನ ಮಾತು. ನಾನು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫ್ಯಾಕ್ಟರಿಯಲ್ಲಿದ್ದೆ, ಮನೆ ಕುರುಬರಹಳ್ಳಿಯಲ್ಲಿ. ಅಪ್ಪ ಹೋದ ಮೇಲೆ ಮನೆಯಲ್ಲಿದ್ದವರು ಅಮ್ಮ, ನಾನು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳಾದ ತಂಗಿ. ತಂಗಿಗೆ ಸೈಕಲ್ ರೇಸಿನ ಹುಚ್ಚು. ಅವಳ ಸ್ಕೂಲಿನ ಆಟದ ಮೇಷ್ಟ್ರು ಹಿಡಿಸಿದ ಹುಚ್ಚು ಅದು. ನಮ್ಮ ಬೀದಿಯ ಸೈಕಲ್ ಶಾಪಿನವನು ಹಳೆಯ ಗಂಡಸರ ಸೈಕಲ್ಲಿನ ಫ್ರೇಮನ್ನು ಕತ್ತರಿಸಿ, ಬೆಸುಗೆ ಹಾಕಿಸಿ, ಅವಳ ಕಾಲಿಗೆ ಎಟುಕುವ ಹಾಗೆ ಗಿಡ್ಡ ಮಾಡಿಕೊಟ್ಟಿದ್ದ. ನೋಡಲು ಗುಜರಿ. ಆದರೆ ಅದರ ಮೇಲೆ ಕೂತು ಮೈಸೂರು ರಸ್ತೆಗೆ ಇಳಿದಳೆಂದರೆ ಅವಳ ವಯಸ್ಸಿನ ಹುಡುಗಿಯರಲ್ಲಿ ಒಬ್ಬಳೋ ಇಬ್ಬರೋ ಮಾತ್ರ ಅವಳಿಗಿಂತ ಮುಂದಿರುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ಆಯ್ಕೆಯ ರೇಸಿತ್ತು. ಮೊದಲ ನಾಲ್ವರಿಗೆ ರಾಜ್ಯದ ಜೂನಿಯರ್ ತಂಡದಲ್ಲಿ ಜಾಗ. ಅವಳಿಗೆ ಆಗಲೇ ಹದಿನೇಳು, ಅದರ ಮುಂದಿನ ವರ್ಷ ವಯಸ್ಸು ಮೀರುತ್ತಿತ್ತು. ಅಂದರೆ ಅವಳಿಗಿದ್ದದ್ದು ಅದೊಂದೇ ಸಲ.

ಅಷ್ಟರಲ್ಲಿ ಫ್ಯಾಕ್ಟರಿಯವರು ಹೊಸ ಮಶೀನಿನ ಕೆಲಸ ಕಲಿಯಲು ಮೂರು ತಿಂಗಳಿಗೆ ನನ್ನನ್ನು ಜರ್ಮನಿಗೆ ಕಳಿಸಿದರು. ‘ನಿನಗೆ ಅಲ್ಲಿಂದ ರೇಸ್ ಸೈಕಲ್ ತರ್ತೀನಿ ಕಣೇ’ ಎಂದು ನಾನೇ ಜಂಬದಲ್ಲಿ ಹೇಳಿದೆ. ಅವಳಾಗಿ ಕೇಳಿರಲಿಲ್ಲ, ಇದನ್ನು ಬರೆದಿಡಬೇಕು. ಹೊರಡುವ ದಿನ ಅವಳು ಒಂದು ದಾರ ತಂದು ಕೈಗಿಟ್ಟಳು. ಅಮ್ಮ ಹೂ ಕಟ್ಟುವ ಬಿಳಿ ದಾರ. ಇಡೀ ದಾರದ ಉದ್ದ ಅವಳ ಕಾಲಿನ ಅಳತೆ, ನಡುವೆ ಗಂಟು ಹಾಕಿದ ಕಡೆಗೆ ತೋಳಿನ ಅಳತೆ. ರೇಸ್ ಸೈಕಲ್ಲು ಅಂಗಿಯ ಹಾಗೆ ಮೈಗೆ ಹೊಂದಬೇಕು ಎಂದು ಮೇಷ್ಟ್ರು ಹೇಳಿದ್ದರಂತೆ. ದಾರವನ್ನು ಸುತ್ತಿ ಪರ್ಸಿನೊಳಗೆ ಇಟ್ಟುಕೊಂಡೆ.

ಅಲ್ಲಿ ಕೊಡುತ್ತಿದ್ದ ದಿನಭತ್ಯೆಯನ್ನು ಹೊಟ್ಟೆಬಟ್ಟೆ ಕಟ್ಟಿ ಉಳಿಸಿದೆ. ರೂಮಿನಲ್ಲೇ ಅನ್ನ ಮಾಡಿಕೊಂಡು ಚಟ್ನಿಪುಡಿ ಕಲಸಿ ತಿಂದೆ. ನನ್ನ ಜೊತೆ ರೂಮಿನಲ್ಲಿದ್ದವರು ನಮ್ಮ ಫ್ಯಾಕ್ಟರಿಯ ಹಿರಿಯರೊಬ್ಬರು, ಹಿಂದೊಮ್ಮೆ ಬಂದುಹೋಗಿದ್ದವರು, ಕಸ್ಟಮ್ಸ್ ವಿಷಯದಲ್ಲಿ ತಮ್ಮನ್ನು ಬಿಟ್ಟರೆ ಇಲ್ಲ ಎಂದುಕೊಂಡವರು. ಸೈಕಲ್ಲಿನ ಮಾತೆತ್ತಿದ ಕೂಡಲೇ ಹೆದರಿಸಿದರು.

“ಅವ್ರು ಕೇಳೋದೇ ಯಾರ್ದು ಅಂತ ಕಣಯ್ಯ. ನಂದೇ, ಅಲ್ಲಿ ಓಡಿಸ್ತಿದ್ದೆ ಅಂದ್ರೆ ಸುಂಕ ಇಲ್ದೆ ಬಿಟ್ಬಿಡ್ತಾರೆ. ಅನುಮಾನ ಬಂತೋ, ಅಲ್ಲೇ ಹತ್ತಿಸಿ ನೋಡ್ತಾರೆ. ನಿನ್ನ ಮಂಡಿ ಹ್ಯಾಂಡಲ್‌ಗೆ ಬಡೀತು ಅಂದ್ರೆ ಮುಗೀತು ಕಥೆ.”

ಅಂಗಡಿಯಲ್ಲಿ ದಾರವನ್ನು ತೆಗೆದು ತೋರಿಸಿದೆ. ಅಂಗಡಿಯ ಮುದುಕ ಅದನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ, ಅಷ್ಟು ಜೋಪಾನವಾಗಿ ಹಿಡಿದು ಸಾಲಿನಲ್ಲಿದ್ದ ಒಂದೊಂದು ಸೈಕಲ್ಲಿಗೂ ಅಳತೆ ಇಟ್ಟು ನೋಡಿ, ಕೊನೆಗೆ ನೀಲಿ ಬಣ್ಣದ ಒಂದನ್ನು ಈಚೆಗೆ ತಂದ. ಪುಟ್ಟ ಫ್ರೇಮು. ತಂಗಿ ಅದರ ಮೇಲೆ ಕೂತ ಹಾಗೇ ಕಾಣಿಸಿತು ನನಗೆ. ಆಗ ಮಂಡಿಯ ಮಾತು ನೆನಪಾಯಿತು. ಒಮ್ಮೆ ಹತ್ತಿ ನೋಡಿದೆ, ನಿಜಕ್ಕೂ ಬಡಿಯಿತು. ಪಕ್ಕದಲ್ಲೇ ಅದೇ ನೀಲಿಯ ದೊಡ್ಡದೊಂದಿತ್ತು. ಅದನ್ನು ತೋರಿಸಿ, ನನಗೇ ಬೇಕಾಗಿರುವುದು ಎಂದು ಹರುಕು ಇಂಗ್ಲಿಷಿನಲ್ಲಿ ಹೇಳಿದೆ. ಮುದುಕ ದಾರವನ್ನು ನೋಡಿದ, ನನ್ನ ಕಾಲನ್ನು ನೋಡಿದ, ದಾರವನ್ನು ಸುತ್ತಿ ನನ್ನ ಅಂಗೈಗೆ ವಾಪಸು ಕೊಟ್ಟ. ಹೇಗೂ ಬೆಳೆಯುವ ಹುಡುಗಿ ಎಂದು ಸಮಾಧಾನ ಮಾಡಿಕೊಂಡೆ. ಹದಿನೇಳು ವರ್ಷದ ಹುಡುಗಿ ಇನ್ನೆಷ್ಟು ಬೆಳೆಯುತ್ತಾಳೆ ಎಂದು ನನ್ನ ಕಪಾಳಕ್ಕೆ ಬಾರಿಸಿ ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಹಳೆಯದರ ಹಾಗೆ ಕಾಣಲೆಂದು ಎರಡು ವಾರ ಆ ಊರಿನಲ್ಲೆಲ್ಲ ಓಡಿಸಿದೆ. ಟೈರಿಗೆ ಮಣ್ಣು ಮೆತ್ತಿತು, ಪೆಡಲಿಗೆ ಗೀರು ಬಿತ್ತು. ಸುಳ್ಳೇಕೆ, ಸುಖವಾಗಿಯೇ ಇತ್ತು.

ಬೊಂಬಾಯಿ ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆಯ ಪಕ್ಕ ಬೆವರುತ್ತಾ ನಿಂತೆ. ಅಧಿಕಾರಿ ನಿದ್ದೆಗಣ್ಣಿನ ಮನುಷ್ಯ. ಯಾರದೆಂದು ಕೇಳಿದರು. ನನ್ನದೇ, ದಿನಾ ಓಡಿಸುತ್ತಿದ್ದೆ, ಬೇಕಾದರೆ ಜೋಡಿಸಿ ಹತ್ತಿ ತೋರಿಸುತ್ತೇನೆ ಎಂದು ಗಿಣಿಪಾಠ ಒಪ್ಪಿಸಿದೆ. ಅವರು ಪೆಟ್ಟಿಗೆಯ ಒಂದು ಮೂಲೆಯನ್ನು ಹರಿದು ಇಣುಕಿದರು, ಅಷ್ಟೆ. ಮೂರು ತಿಂಗಳಿಗೆ ಹೋದವನಿಗೆ ಸೈಕಲ್ಲು ಸ್ವಂತ ಬಳಕೆಯ ಸಾಮಾನಾಗುವುದಿಲ್ಲ, ಯಾರದಾದರೂ ಸುಂಕ ಒಂದೇ, ಕಟ್ಟಿ ಎಂದರು. ಅಪ್ಪ ಇಲ್ಲದ ಮನೆ, ತಂಗಿಯ ರೇಸು ಎಂದೆಲ್ಲ ಆಮೇಲೆ ಶುರುಮಾಡಿದೆ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಎಂದು ಅಮ್ಮ ಮಾತಿಗೆ ಅನ್ನುತ್ತಿದ್ದಳು. ನಾನು ಅದನ್ನು ಸಾಕ್ಷಾತ್ ಮಾಡಿಯೇ ನೋಡಿದೆ. ಉಳಿದಿದ್ದದ್ದನ್ನೆಲ್ಲ ಕೌಂಟರಿನಲ್ಲಿ ಸುರಿದು ಈಚೆ ಬಂದಾಗ ಹೊಳೆಯಿತು: ಪುಟ್ಟದನ್ನೇ ತಂದಿದ್ದರೂ ಇಷ್ಟೇ ಆಗುತ್ತಿತ್ತು. ಯಾರೂ ಯಾರನ್ನೂ ಹತ್ತಿಸಿ ನೋಡಲಿಲ್ಲ.

ಮನೆಗೆ ತಂದ ದಿನ ಅಮ್ಮ ಹ್ಯಾಂಡಲಿಗೆ ಕುಂಕುಮ ಇಟ್ಟು, ಎರಡೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. ಬೀದಿಯ ಜನ ಬಂದು ಬೆರಳಲ್ಲಿ ಎತ್ತಿ ನೋಡಿ ಹೋದರು. ತಂಗಿ ನಿಂಬೆಹಣ್ಣಿನ ಮೇಲೆ ಹಾಯಿಸಿ, ಇಳಿಯಲು ಹೋದಾಗ ಕಾಲು ನೆಲಕ್ಕೆ ಸಿಗದೆ ವಾಲಿದಳು, ನಾನು ಹಿಡಿದುಕೊಂಡೆ. ‘ತುಂಬಾ ಚೆನ್ನಾಗಿದೆ ಅಣ್ಣ’ ಎಂದಳು. ಸೀಟನ್ನು ತಳ ಮುಟ್ಟುವ ತನಕ ಇಳಿಸಿದೆ. ಪೆಡಲು ಹೇಗೋ ಎಟುಕಿತು, ಆದರೆ ಹ್ಯಾಂಡಲ್ ಹಿಡಿಯಲು ಅವಳು ಮಲಗಿದ ಹಾಗೆ ಚಾಚಿಕೊಳ್ಳಬೇಕಾಗಿತ್ತು. ಅಮ್ಮ, ಬೆಳೀತಾಳೆ ಬಿಡೋ ಎಂದಳು. ಮೇಷ್ಟ್ರು ನೋಡಿದವರು, ಇದನ್ನು ಯಾರಿಗೆಂದು ತಂದಿರಿ ಎಂದು ಮೆಲ್ಲಗೆ ಕೇಳಿದರು. ನನಗೆ ಪಿತ್ತ ನೆತ್ತಿಗೇರಿತು. ಫಾರಿನ್ ಸೈಕಲ್ ಕಂಡಿರದ ಮನುಷ್ಯ, ಇವರಿಗೇನು ಗೊತ್ತು ಎಂದು ಮನೆಯಲ್ಲಿ ಹಾರಾಡಿದೆ.

ಎರಡು ತಿಂಗಳು ಅದರಲ್ಲೇ ಅಭ್ಯಾಸ ಮಾಡಿದಳು. ಬೆಳಿಗ್ಗೆ ಕೆಂಗೇರಿಯ ತನಕ ಹೋಗಿಬಂದು, ಅಡುಗೆಮನೆಯಲ್ಲಿ ಅಮ್ಮನ ಕೈಯಲ್ಲಿ ಕುತ್ತಿಗೆಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಳು. ನಾನು ಕಂಡೂ ಕಾಣದವನ ಹಾಗಿದ್ದೆ.

ರೇಸಿನ ಹಿಂದಿನ ಸಂಜೆ ಫ್ಯಾಕ್ಟರಿಯಿಂದ ಬಂದರೆ ಅವಳು ಹಳೆಯ ಗಿಡ್ಡ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾ ಕೂತಿದ್ದಳು. ತಲೆ ಎತ್ತದೆ ಕೇಳಿದಳು.

“ಅಣ್ಣ, ನಾಳೆ ಒಂದಿನ ಇದನ್ನೇ ತಗೊಂಡ್ ಹೋಗ್ಲಾ?”

ಏನೇನು ಅಂದೆನೋ. ಮೂರು ತಿಂಗಳು ಚಟ್ನಿಪುಡಿ ತಿಂದದ್ದು, ಕಸ್ಟಮ್ಸ್‌ನವರ ಮುಂದೆ ಕೈಮುಗಿದು ನಿಂತದ್ದು, ಊರೆಲ್ಲ ಬಂದು ನೋಡಿದ ಮೇಲೆ ಈ ಗುಜರಿ ತಗೊಂಡು ಹೋದರೆ ನನ್ನ ಮುಖ ಎಲ್ಲಿಡಲಿ ಎಂದದ್ದು. ಅವಳು ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

“ಆಯ್ತಣ್ಣ. ಅದರಲ್ಲೇ ಹೋಗ್ತೀನಿ.”

ಕೆಂಗೇರಿಯಿಂದ ಬಿಡದಿಯ ಕಡೆ ಹೋಗಿ ವಾಪಸು ಬರಬೇಕು. ನಾನು ಕೆಂಗೇರಿ ಉಪನಗರದ ಹತ್ತಿರ, ರೇಸು ಮುಗಿಯುವ ಗೆರೆ ಕಾಣುವ ಕಡೆ ರಸ್ತೆ ಬದಿ ನಿಂತಿದ್ದೆ. ಹೋಗುವಾಗ ಮೂರನೆಯವಳಾಗಿದ್ದಳು, ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ವಾಪಸು ಬರುವಾಗ ಒಬ್ಬೊಬ್ಬರೇ ದಾಟಿ ಹೋದರು, ಇವಳಿಲ್ಲ. ಒಂಬತ್ತನೆಯವಳಾಗಿ ಬಂದಳು. ಒಂದು ಕೈಯನ್ನು ಹ್ಯಾಂಡಲಿನಿಂದ ತೆಗೆದು ಕುತ್ತಿಗೆ ಹಿಡಿದುಕೊಂಡಿದ್ದಳು. ನಿಲ್ಲಿಸಲು ಯಾರಾದರೂ ಹಿಡಿದುಕೊಳ್ಳಬೇಕಿತ್ತು, ಮೇಷ್ಟ್ರು ಓಡಿಹೋಗಿ ಹಿಡಿದರು. ತಂಡಕ್ಕೆ ಹೋದ ನಾಲ್ವರಲ್ಲಿ ಇಬ್ಬರು ಅವಳು ಗುಜರಿಯಲ್ಲಿ ಎಷ್ಟೋ ಸಲ ಹಿಂದೆ ಹಾಕಿದ್ದ ಹುಡುಗಿಯರು.

ಅವಳು ಅಳಲಿಲ್ಲ, ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಕಾಲೇಜು, ಓದು ಎಂದು ಸುಮ್ಮನಾದಳು. ನೀಲಿ ಸೈಕಲ್ಲು ನಡುಮನೆಯ ಗೋಡೆಗೆ ಒರಗಿಕೊಂಡು ನಾಲ್ಕು ತಿಂಗಳು ನಿಂತಿತ್ತು. ಟೈರು ಹಾಳಾಗುತ್ತೆ, ನೀನಾದರೂ ಓಡಿಸೋ ಎಂದು ಅಮ್ಮ ಒಂದೇ ಸಮನೆ ಹೇಳಿದ ಮೇಲೆ, ಒಂದು ಬೆಳಿಗ್ಗೆ ನಾನೇ ಅದನ್ನು ಫ್ಯಾಕ್ಟರಿಗೆ ಹೊರಡಿಸಿದೆ. ಸೀಟನ್ನು ಮೊದಲಿನ ಎತ್ತರಕ್ಕೆ ಏರಿಸಿಕೊಂಡು ಗೇಟಿನ ಹತ್ತಿರ ಹತ್ತಿ ಕೂತೆ. ತಂಗಿ ಮೆಟ್ಟಿಲ ಮೇಲೆ ನಿಂತು ನನ್ನ ಕಾಲು, ತೋಳು ಎಲ್ಲ ಹೊಂದಿ ಕೂತದ್ದನ್ನು ಸ್ವಲ್ಪ ಹೊತ್ತು ನೋಡಿದಳು.

“ಅಣ್ಣ, ನಾನು ಕೊಟ್ಟಿದ್ದ ದಾರ ಅಲ್ಲೆಲ್ಲೋ ಕಳೆದುಹೋಯ್ತಾ?”

ಎಷ್ಟು ಮೆತ್ತಗೆ ಕೇಳಿದಳೆಂದರೆ, ನನಗೆ ತಪ್ಪಿಸಿಕೊಳ್ಳಲು ಬಾಗಿಲನ್ನು ಅವಳೇ ತೆರೆದಿಟ್ಟ ಹಾಗಿತ್ತು.

“ಹೂಂ ಕಣೇ. ಕಳೆದುಹೋಯ್ತು.”

“ಮತ್ತೆ ನೀನೇನ್ ಮಾಡ್ತೀಯ, ಪಾಪ,” ಎಂದು ಒಳಗೆ ಹೋದಳು.

ದಾರ ಪ್ಯಾಂಟಿನ ಹಿಂದಿನ ಜೇಬಿನಲ್ಲಿದ್ದ ಪರ್ಸಿನಲ್ಲಿತ್ತು. ಅದರ ಮೇಲೇ ಕೂತು ಫ್ಯಾಕ್ಟರಿಗೆ ಹೋದೆ.