ಮಳೆಗೆ ಬೆನ್ನು ಮಾಡಿ ರಾಮದುರ್ಗದವರೆಗೆ

ಆರಿದ್ರಾ ಮಳೆ ಹಿಡಿದ ಮೂರನೆಯ ದಿನ ನಾನೂ ನನ್ನ ಮಗಳು ಗೌರಿಯೂ ಕಿತ್ತೂರು ಬಿಟ್ಟೆವು. ಒಂಬತ್ತು ವರ್ಷದ ಹುಡುಗಿಗೆ ಉಬ್ಬಸ. ತಂಪು ಹವೆ ತಾಗಿದರೆ ಸಾಕು, ಎದೆ ಸುಂಯ್ ಎನ್ನುತ್ತಿತ್ತು. “ಒಣ ಹವಾ ಇದ್ದಲ್ಲಿ ಇಡ್ರಿ. ಇಲ್ಲೇ ಇಟ್ಟರ ಈ ಮಳಿಗಾಲ ದಾಟೂದು ಕಠಿಣ ಐತಿ” ಎಂದಿದ್ದರು ವೈದ್ಯರು. ಒಣ ಹವೆ ಎಲ್ಲಿಂದ ಶುರುವಾಗುತ್ತದೆಂದು ಕೇಳಿದರೆ, “ಮೂಡಲಕ್ಕ ಹೋಗ್ರಿ” ಎಂದಷ್ಟೇ ಹೇಳಿದರು. ನಾನು ಸಾಲಿ ಮಾಸ್ತರ, ಮಕ್ಕಳಿಗೆ ಭೂಗೋಳ ಕಲಿಸುವವನು. ಆದರೂ ಎಲ್ಲಿ ಇಳಿಯಬೇಕೆಂದು ನನಗೇ ತಿಳಿದಿರಲಿಲ್ಲ. ರಾಮದುರ್ಗದಲ್ಲಿ ತಂಗಿ ಬಸವ್ವ ಇದ್ದಳು, ಅದೊಂದೇ ಧೈರ್ಯ.

ಹುಸೇನಸಾಬನ ಬಂಡಿಯನ್ನು ಐದು ರೂಪಾಯಿಗೆ ಗೊತ್ತು ಮಾಡಿದ್ದೆ. ಮಲಪ್ರಭೆ ತುಂಬಿತ್ತು. ಎತ್ತುಗಳನ್ನು ಈಜಿಸಿ, ಬಂಡಿಯನ್ನು ದೋಣಿಗೆ ಹಾಕಿ ದಾಟುವುದರಲ್ಲಿ ಅರ್ಧ ದಿನ ಹೋಯಿತು.

ಕಿತ್ತೂರಿನಿಂದ ಐದು ಹರದಾರಿ ಬಂದು ಬೈಲಹೊಂಗಲ ಮುಟ್ಟುವಷ್ಟರಲ್ಲಿ ಜಡಿಮಳೆ ಹೋಗಿ ಜಿನುಗು ಉಳಿದಿತ್ತು. ಭತ್ತದ ಗದ್ದೆಗಳು ಮುಗಿದು ಕರಿ ಎರೆಹೊಲಗಳು ಬಂದಿದ್ದವು. ಪಡುವಣ ಗುಡ್ಡಗಳು ಮೋಡ ತಡೆಯುತ್ತವೆಂದು ನಾನು ಪ್ರತಿ ವರ್ಷ ಕಲಿಸುತ್ತೇನೆ. ತಡೆದರೆ ಕಿತ್ತೂರಿಗೆ ಹೇಗೆ ಬಂದವು? ತಡೆಯದಿದ್ದರೆ ಇಲ್ಲಿ ಯಾಕೆ ಕಡಿಮೆ? ಹುಸೇನಸಾಬನನ್ನು ಕೇಳಿದರೆ ಅವನು ನಕ್ಕ. “ಗುಡ್ಡಾ ಹತ್ತೂದ್ರಾಗ ಮೋಡ ಹೊರಿ ಇಳಸ್ತಾವ್ರಿ ಮಾಸ್ತರ. ಉಳಿದದ್ದು ನಿಮ್ಮ ಕಿತ್ತೂರಿಗೆ. ಮುಂದ ಖಾಲಿ ಗಾಡಿ.”

ಖಾಲಿ ಗಾಡಿ ಎಂದದ್ದು ಸಮಾಧಾನವೆನಿಸಿತು. ಆದರೆ ಸವದತ್ತಿಯಲ್ಲಿ ನೋಡಿದರೆ ಆಕಾಶ ತುಂಬ ಮೋಡ, ನೆಲಕ್ಕೆ ಹನಿಯಿಲ್ಲ. ಗಾಳಿ ನನ್ನ ರುಮಾಲನ್ನೇ ಹಾರಿಸುವಂತಿತ್ತು. ರಾತ್ರಿ ತಂಗಿದ್ದ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯೆ ಬಡಿಸಿದ ಮುದುಕಿಯನ್ನು ಮಳೆ ಯಾಕಿಲ್ಲವೆಂದು ಕೇಳಿದೆ. “ಗಾಳಿ ನಿಂದರಬೇಕ್ರೀ. ಅಲ್ಲೀತನಾ ಮೋಡ ತಲಿ ಮ್ಯಾಲ ಹಾದು ಹೋಗ್ತಾವ” ಎಂದಳು. ಹಾಗಾದರೆ ಮೋಡ ಖಾಲಿಯಲ್ಲ. ಗೌರಿ ಇಲ್ಲಿ ಚೆನ್ನಾಗಿ ನಿದ್ದೆ ಮಾಡಿದ್ದಳು. ಇಲ್ಲೇ ಇಡಲೋ, ಮುಂದೆ ಹೋಗಲೋ ಎಂದು ತಲೆ ಕೆರೆದುಕೊಂಡು ಕೊನೆಗೆ ಬಂಡಿ ಹೂಡಿಸಿದೆ.

ಹೊರಟ ನಾಲ್ಕನೆಯ ದಿನ ರಾಮದುರ್ಗ. ದಾರಿಯಲ್ಲಿ ಕಾಲು ಮುಳುಗುವಷ್ಟು ಧೂಳು. ಅಲ್ಲಿ ಮತ್ತೆ ಅದೇ ಮಲಪ್ರಭೆ, ನಮ್ಮ ಕಡೆಯ ಕೆಂಪು ನೀರನ್ನೇ ಹೊತ್ತುಕೊಂಡು ಬಂದಿದ್ದಳು. ಗೌರಿ ಬಂಡಿಯಿಂದ ಹಾರಿ ಬಸವ್ವನ ಮನೆಯವರೆಗೆ ಓಡಿದಳು. ನಾನು ಹಿಂದೆಯೇ ಹೋಗಿ ಅವಳ ಬೆನ್ನಿಗೆ ಕಿವಿ ಹಚ್ಚಿದೆ. ಸುಂಯ್ ಎನ್ನುವ ಸದ್ದಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು.

“ಇಲ್ಲಿ ಮಳಿ ಇಲ್ಲಲ್ಲವ್ವಾ?” ಎಂದು ತಂಗಿಯನ್ನು ಕೇಳಿದೆ.

“ನಮ್ಮ ದೊಡ್ಡ ಮಳಿ ಹಿಂಗಾರಿ ಅಣ್ಣಾ, ಮೂಡಲದಿಂದ ಬರ್ತೈತಿ. ಆದರ ಈಗಿನ ಮಳಿ ಇಲ್ಲದ ಬಿತ್ತಿದ ಸಜ್ಜಿ ಬಾಡಾಕ ಹತ್ತೈತಿ” ಎಂದಳು. ಮಳೆಗೆ ಬೆನ್ನು ಮಾಡಿ ಬಂದರೆ ಅದು ಎದುರಿನಿಂದಲೂ ಬರುತ್ತದೆಯೇ? ನನ್ನ ಭೂಗೋಳ ಅಲ್ಲಿಗೆ ಮುಗಿಯಿತು.

ಮರುದಿನ ಮುಂಜಾನೆ ಬಾಗಿಲಿಗೆ ಗುರ್ಜಿ ಬಂತು. ಮಳೆ ತಪ್ಪಿದರೆ ಒಬ್ಬನ ತಲೆಯ ಮೇಲೆ ರೊಟ್ಟಿಯ ಹಂಚು ಇಟ್ಟು, ಅದರಲ್ಲಿ ಸಗಣಿಯಿಂದ ಮಾಡಿದ ಗುರ್ಜಿ ಗೊಂಬೆಯನ್ನು ಕೂರಿಸಿ ಮನೆಮನೆಗೆ ಬರುತ್ತಾರೆ. ಮನೆಯವರು ಅದರ ಮೇಲೆ ನೀರು ಸುರಿದು ಮಳೆ ಬೇಡುತ್ತಾರೆ. ಬಸವ್ವ ಕೊಡವನ್ನು ನನ್ನ ಕೈಗೇ ಕೊಟ್ಟಳು. “ನೀನ ಹಿರ್ಯಾವ ಅಣ್ಣಾ, ನೀನ ಹಾಕು.”

ಕೊಡ ಹಿಡಿದು ನಿಂತುಬಿಟ್ಟೆ. ಸುರಿದರೆ ನನ್ನ ಕೈಯಾರೆ ಮಗಳ ಉಬ್ಬಸ ಕರೆದಂತೆ. ಸುರಿಯದಿದ್ದರೆ ಅವಳನ್ನು ಸಾಕುವ ಮನೆಯ ಹೊಲಕ್ಕೆ ಮಳೆ ಬೇಡವೆಂದಂತೆ. ಗುರ್ಜಿ ಹೊತ್ತವನು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದ. ಗೌರಿ ನನ್ನ ಧೋತರ ಜಗ್ಗಿ, “ಅಪ್ಪಾ, ಅತ್ತಿ ಹೊಲಕ್ಕ ಬೇಕಲ್ಲ? ಅರ್ಧಾ ಹಾಕು” ಎಂದಳು. ಅರ್ಧ ಸುರಿದೆ. ಉಳಿದರ್ಧ ಕೊಡದಲ್ಲೇ ಒಳಗೆ ಹೋಯಿತು. ಬಸವ್ವ ಗೌರಿಯನ್ನು ಹತ್ತಿರ ಎಳೆದುಕೊಂಡಳು.

ಗೌರಿಯನ್ನು ತಂಗಿಯ ಹತ್ತಿರ ಬಿಟ್ಟು ಅದೇ ಬಂಡಿಯಲ್ಲಿ ಹಿಂದಿರುಗಿದೆ. ಬೈಲಹೊಂಗಲ ದಾಟುತ್ತಲೇ ಮಳೆ ಎದುರಾಯಿತು. ಮೋಡಗಳು ನಮ್ಮ ತಲೆಯ ಮೇಲಿಂದ ಮೂಡಲಕ್ಕೆ ಓಡುತ್ತಿದ್ದವು.

“ಕಂಬಳಿ ಹೊತ್ಕೊಳ್ರಿ ಮಾಸ್ತರ, ನೆನೀತೀರಿ” ಎಂದ ಹುಸೇನಸಾಬ.

“ನೆನೀತೀನಿ ಬಿಡು. ಎಲ್ಲಾ ಇಲ್ಲೇ ಸುರದು ಹೋಗಲಿ” ಎಂದೆ. ಆಮೇಲೆ ತಂಗಿಯ ಸಜ್ಜೆ ಹೊಲ ನೆನಪಾಯಿತು. ತಿರುಗಿ ಮೂಡಲಕ್ಕೆ ನೋಡಿ, “ಅರ್ಧಾ” ಎಂದೆ.