ಚಿಕ್ಕಮ್ಮನ ನಿಧಾನದ ಚಿಪ್

ಹೆಣಿಗೆ ಕಾರ್ಖಾನೆಗೆ ಗುಮಾಸ್ತನಾಗಿ ಸೇರಿದ ಮೊದಲ ದಿನವೇ ಕಂಪ್ಯೂಟರ್ ಕಳವಾಗಿದೆ ಎಂದು ದೂರು ಬರೆದುಕೊಟ್ಟವನು ನಾನು. ಸಾಮಾನಿನ ಪಟ್ಟಿಯಲ್ಲಿ ಅದಿತ್ತು. ಮೇಜಿನ ಮೇಲೆ ಬರೀ ಕೀಬೋರ್ಡು, ಹಿಂದೊಂದು ಹಳೇ ಟೀವಿ. ಮೇಜಿನಡಿ ತೂರಿ ಹುಡುಕಿ, ಮೈತುಂಬ ಉಣ್ಣೆಯ ಧೂಳು ಮೆತ್ತಿಕೊಂಡು ಎದ್ದಾಗ ಚಿಕ್ಕಮ್ಮ ಕೀಬೋರ್ಡಿನ ಸ್ಕ್ರೂ ಬಿಚ್ಚಿ ತೋರಿಸಿದಳು. ಇಡೀ ಕಂಪ್ಯೂಟರು ಅದರ ಹೊಟ್ಟೆಯೊಳಗೇ ಇತ್ತು. ಅದರ ಮೇಲೇ ನಾನು ಟೀ ಲೋಟ ಇಟ್ಟಿದ್ದೆ.

"ಕಳ್ಳ ಸಿಕ್ಕಿದ್ನೇನೋ?" ಅಂದಳು.

ಚಿಕ್ಕಮ್ಮ ಅಂದರೆ ಅಮ್ಮನ ತಂಗಿ. ನನಗೆ ಕೆಲಸ ಸಿಕ್ಕಿದ್ದು ಅವಳಿಂದ, ಅವಳ ಮರ್ಯಾದೆ ಹೋದದ್ದು ನನ್ನಿಂದ. ಯಾವ ಸಾಲಿಗೆ ಯಾವ ಸೂಜಿ ಏಳಬೇಕೆಂದು ಹೆಣಿಗೆ ಯಂತ್ರಕ್ಕೆ ಹೇಳುವ ಪ್ರೋಗ್ರಾಮನ್ನು ಅವಳೇ ಇಪ್ಪತ್ತೆರಡನೇ ವಯಸ್ಸಿನಲ್ಲಿ ಬರೆದದ್ದು. ಮೂವತ್ತೈದು ವರ್ಷ ಓಡಿದ ಕಂಪ್ಯೂಟರಿನ ಪ್ರೊಸೆಸರ್ ಮೊನ್ನೆ ಸುಟ್ಟುಹೋಯಿತು. ಅಂಥದ್ದನ್ನು ಈಗ ಯಾರೂ ಮಾಡುವುದಿಲ್ಲ.

ಕಾರ್ಖಾನೆಯ ಯಜಮಾನರು ಕಡ್ಡಿ ಮುರಿದಂತೆ ಹೇಳಿದರು: "ಶನಿವಾರದೊಳಗೆ ಓಡ್ಬೇಕು. ಇಲ್ಲಾಂದ್ರೆ ಹೊಸ ಯಂತ್ರ ತರಿಸ್ತೀನಿ. ಅದಕ್ಕೆ ಕಂಪ್ಯೂಟರ್ ನೋಡ್ಕೊಳ್ಳೋರು ಬೇಕಾಗಲ್ಲ." ಹಾಗಂದವರು ಚಿಕ್ಕಮ್ಮನನ್ನು ಬಿಟ್ಟು ಸೂರನ್ನು ನೋಡಿದರು.

ಚಿಕ್ಕಮ್ಮ ಸುಟ್ಟ ಪ್ರೊಸೆಸರಿನ ಭಾಷೆ ಬಲ್ಲ ಎರಡು ಹೊಸ ಚಿಪ್ ತರಿಸಿದಳು. ಒಂದು ನಾನೂರು ಪಟ್ಟು ವೇಗದ್ದು, ಇನ್ನೊಂದು ಹಳೆಯದರಷ್ಟೇ ನಿಧಾನದ್ದು.

"ವೇಗದ್ದೇ ಹಾಕ್ಬಿಡು ಚಿಕ್ಕಮ್ಮ. ಹೊಸ ಕಾಲದಲ್ಲಿ ಕೂತು ಆಮೆ ಸಾಕ್ತಾರಾ?"

ಅವಳೂ ಆಸೆಗೆ ಬಿದ್ದಳು. ಗುಂಡಿ ಒತ್ತಿದ್ದೇ ತಡ, ನೂಲೆಳೆಯುವ ಗಾಡಿ ಇನ್ನೂ ಈ ತುದಿಯಲ್ಲಿರುವಾಗಲೇ ಸೂಜಿಗಳೆಲ್ಲ ಎದ್ದು ನಿಂತವು. ಯಂತ್ರದಲ್ಲಿದ್ದ ಸ್ವೆಟರಿನ ಅರ್ಧ ತೋಳು ಹಕ್ಕಿಗೂಡಾಯಿತು.

ಚಿಕ್ಕಮ್ಮ ಸಿಕ್ಕು ಬಿಡಿಸತೊಡಗಿದಳು. "ಆರು ಸಾವಿರ ಎಣಿಸಿ ಆಮೇಲೆ ಸೂಜಿ ಎತ್ತು ಅಂತ ನಾನೇ ಬರೆದಿದ್ದೆ ಕಣೋ. ಆಗ ಅಷ್ಟು ಎಣಿಸೋದ್ರೊಳಗೆ ಗಾಡಿ ಆ ತುದಿ ಸೇರ್ತಿತ್ತು. ಇದು ಕಣ್ಣು ಮಿಟುಕಿಸೋದ್ರೊಳಗೆ ಎಣಿಸಿ ಕೈತೊಳ್ಕೊಂಡಿದೆ. ನಂಗೇ ಮರೆತುಹೋಗಿತ್ತು ನೋಡು."

"ಎಣಿಕೆ ತಿದ್ದಬಹುದಲ್ಲ?"

"ಮುನ್ನೂರು ನಮೂನೆ. ಒಂದೊಂದ್ರಲ್ಲಿ ಒಂದೊಂದು ಎಣಿಕೆ. ಶನಿವಾರ ನಾಳಿದ್ದು."

ನಿಧಾನದ್ದನ್ನು ಹಾಕಿದಳು. ಗಾಡಿ ಹೋಯಿತು, ತುದಿ ಮುಟ್ಟಿತು, ಸೂಜಿ ಎದ್ದಿತು. ಮೊದಲ ಸಾಲು ಮುಗಿಯುವವರೆಗೆ ಅವಳು ಉಸಿರೇ ಬಿಡಲಿಲ್ಲ. ಯಜಮಾನರು ತೋಳನ್ನು ಎಳೆದೆಳೆದು ನೋಡಿ, ಹೂಂ ಅಂದು ಹೋದರು.

ಬಾಯಿ ಸುಮ್ಮನಿರಬೇಕಲ್ಲ, ಕೇಳಿಯೇಬಿಟ್ಟೆ: "ನಿಜ ಹೇಳು ಚಿಕ್ಕಮ್ಮ. ಇಷ್ಟು ಒದ್ದಾಡಿದ್ದು ಕಂಪ್ಯೂಟರ್ ಉಳಿಸೋಕಾ, ಕೆಲಸ ಉಳಿಸ್ಕೊಳ್ಳೋಕಾ?"

ಅವಳು ಕೊನೆಯ ಸ್ಕ್ರೂ ಬಿಗಿದು ಕೀಬೋರ್ಡನ್ನು ಮೇಜಿನ ಮೇಲಿಟ್ಟಳು. ನಾನು ಅಭ್ಯಾಸದಂತೆ ಟೀ ಲೋಟವನ್ನು ಅದರ ಮೇಲಿಡುತ್ತಲೇ ಹೇಳಿದಳು:

"ಕೆಲಸ ಉಳಿಸ್ಕೊಳ್ಳೋಕೆ. ಲೋಟ ತೆಗಿ ಅದರ ಮೇಲಿಂದ."